ಗನ್ ಮೂತಿಯ ಮಸಿ

ಹೋದ ಭಾನುವಾರ ನಮ್ಮ ದೊಡ್ಡಪ್ಪನ ವಿಮಾನ ಮುಗಿಯಿತು. ಮೂತಿಯಿಂದ ಬಾಲದವರೆಗೆ 12 ಸೆಂಟಿಮೀಟರ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ 9 ಸೆಂಟಿಮೀಟರ್ ಚಿಲ್ಲರೆ. ಅಂಗೈ ಮೇಲೆ ಆರಾಮಾಗಿ ಕೂರುತ್ತದೆ. ಈ ಪ್ಲಾಸ್ಟಿಕ್ ಮಾದರಿಯನ್ನು ಕಟ್ಟೋಕೆ ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಅದರಲ್ಲಿ ಕೊನೆಯ ಮೂರು ತಿಂಗಳು ಹೋಗಿದ್ದು ಸಾಸಿವೆ ಕಾಳಿನಷ್ಟು ಜಾಗಕ್ಕೆ ಮಸಿ ಹಚ್ಚೋದಕ್ಕೆ. ಆ ಮಸಿಯ ಕಥೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ವಿಮಾನದ ಹೆಸರು ನ್ಯಾಟ್. ನ್ಯಾಟ್ ಅಂದರೆ ನುಸಿ, ಸಂಜೆ ಹೊತ್ತು ಕಣ್ಣಿನ ಮುಂದೆ ಗುಂಯ್ ಅಂತ ಸುತ್ತುತ್ತಲ್ಲ, ಅದು. ಹೆಸರಿಗೆ ತಕ್ಕ ಹಾಗೇ ಇದೆ. ನಿಜವಾದ ನ್ಯಾಟ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 7 ಮೀಟರ್ ಕೂಡ ಇಲ್ಲ. ಯುದ್ಧ ವಿಮಾನ ಅಂದರೆ ನಮ್ಮ ಕಣ್ಣಿಗೆ ಬರೋ ಚಿತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ದೊಡ್ಡಪ್ಪನ ಒಂದು ಕಪ್ಪು ಬಿಳುಪು ಫೋಟೋ ಇದೆ, ಕಾಕಿ ಚಡ್ಡಿ ಹಾಕಿಕೊಂಡು ವಿಮಾನದ ಪಕ್ಕ ನಿಂತಿದ್ದಾರೆ, ಒಂದು ಕೈ ಅದರ ಮೈ ಮೇಲಿದೆ. ಊರಲ್ಲಿ ಎತ್ತಿನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ವಾ, ಹಾಗೇ.

ದೊಡ್ಡಪ್ಪ ಪೈಲಟ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಏರ್‌ಫೋರ್ಸ್ ಅಂದ ತಕ್ಷಣ ಎಲ್ಲರೂ ಕೇಳೋದು ಅದನ್ನೇ. ಅವರು ಇದ್ದ ಕಾಲದಲ್ಲೂ ಕೇಳುತ್ತಿದ್ದರು. ಮದುವೆ ಮನೆಯಲ್ಲಿ ಯಾರಾದರೂ "ನೀವು ವಿಮಾನ ಓಡಿಸ್ತಿದ್ರಂತೆ" ಅಂದರೆ "ಇಲ್ಲ, ಇಲ್ಲ, ಕೆಳಗಿನ ಕೆಲಸ" ಅಂದು ಸುಮ್ಮನಾಗಿಬಿಡೋರು. ಆ "ಕೆಳಗಿನ ಕೆಲಸ" ಏನು ಅಂತ ಮುಂದೆ ಯಾರೂ ಕೇಳುತ್ತಿರಲಿಲ್ಲ. ಊರವರಿಗಂತೂ ಅವರು ಬರೀ "ಮಿಲ್ಟ್ರಿಯವರು". ಭೂಸೇನೆ, ನೌಕಾಪಡೆ, ವಾಯುಪಡೆ ಎಲ್ಲ ನಮ್ಮ ಊರಿಗೆ ಒಂದೇ ಲೆಕ್ಕ.

ಅವರ ಕೆಲಸ ವಿಮಾನದ ಗನ್ನುಗಳನ್ನು ನೋಡಿಕೊಳ್ಳೋದು. ಬಿಚ್ಚೋದು, ಒರೆಸೋದು, ಎಣ್ಣೆ ಹಾಕೋದು, ಗುಂಡು ತುಂಬೋದು. ವಾಯುಪಡೆಯಲ್ಲಿ ಇವರಿಗೆ ಆರ್ಮರರ್ ಅನ್ನುತ್ತಾರೆ. ಅರಸೀಕೆರೆ ಸ್ಟೇಷನ್ನಿಂದ ರೈಲು ಹತ್ತಿ 1963ರಲ್ಲಿ ಹೊರಟಾಗ ಅವರಿಗೆ ಹದಿನೆಂಟು ವರ್ಷ. ಮೊದಲು ಜಾಲಹಳ್ಳಿ, ಆಮೇಲೆ ದೇಶದ ಮೂಲೆ ಮೂಲೆ. ಹದಿನೈದು ವರ್ಷ ಮುಗಿಸಿ ವಾಪಸ್ ಬಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು, ರಿಟೈರ್ ಆದ ಮೇಲೆ ತೆಂಗಿನ ತೋಟ ನೋಡಿಕೊಂಡಿದ್ದರು, 2021ರಲ್ಲಿ ತೀರಿಕೊಂಡರು. ನಮ್ಮ ಕಣ್ಣಿಗೆ ಕಂಡ ದೊಡ್ಡಪ್ಪ ಬ್ಯಾಂಕಿನ ದೊಡ್ಡಪ್ಪ, ತೋಟದ ದೊಡ್ಡಪ್ಪ. ಗನ್ನಿನ ದೊಡ್ಡಪ್ಪನನ್ನು ನಾವು ನೋಡಿಯೇ ಇರಲಿಲ್ಲ.

ಇಲ್ಲ, ನೋಡಿದ್ದೆವು. ಗೊತ್ತಾಗಿರಲಿಲ್ಲ ಅಷ್ಟೆ.

ಅವರ ಹತ್ತಿರ ಒಂದು ಸೈಕಲ್ ಇತ್ತು. ಭಾನುವಾರ ಬೆಳಗ್ಗೆ ಅದನ್ನು ಜಗಲಿ ಪಕ್ಕ ತಲೆಕೆಳಗಾಗಿ ನಿಲ್ಲಿಸಿ ಚೈನು ಬಿಚ್ಚೋರು. ಸೀಮೆಎಣ್ಣೆ ಬೋಗುಣಿಯಲ್ಲಿ ನೆನೆಹಾಕಿ, ಹಳೇ ಪಂಚೆಯ ಚಿಂದಿಯಿಂದ ಒಂದೊಂದೇ ಕೊಂಡಿ ಒರೆಸೋರು. ಒರೆಸಿದ ಮೇಲೆ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಇಡೀ ಚೈನನ್ನು ನಿಧಾನಕ್ಕೆ ಎಳೆಯೋರು. ಎಲ್ಲಾದರೂ ಒಂದು ಕೊಂಡಿ ಬಿಗಿಯಾಗಿದ್ದರೆ, ಚೂರು ಓರೆಯಾಗಿದ್ದರೆ ಅಲ್ಲಿಗೆ ಬೆರಳು ನಿಲ್ಲುತ್ತಿತ್ತು. ವಾರವಾರವೂ ಇದೇ. ಮೂರು ಕಿಲೋಮೀಟರ್ ದೂರದ ಬ್ಯಾಂಕಿಗೆ ಹೋಗಿ ಬರೋ ಸೈಕಲ್ಲಿಗೆ ಇಷ್ಟು ಯಾಕೆ ಅಂತ ನಾವು ಮಕ್ಕಳು ಮಾತಾಡಿಕೊಳ್ಳುತ್ತಿದ್ದೆವು.

ನಾನು ಹೈಸ್ಕೂಲಿನಲ್ಲಿದ್ದಾಗ, ಬೇಸಿಗೆ ರಜೆಯ ಒಂದು ರಾತ್ರಿ, ಕರೆಂಟ್ ಹೋಗಿತ್ತು. ಎಲ್ಲರೂ ಜಗಲಿ ಮೇಲೆ ಕೂತಿದ್ದೆವು. ಏನೋ ಮಾತಿಗೆ ಮಾತು ಬಂದು ದೊಡ್ಡಪ್ಪ 1971ರ ಆ ಒಂದು ದಿನದ ಬಗ್ಗೆ ಹೇಳಿದರು. ಅದಕ್ಕೆ ಮುಂಚೆ ಹೇಳಿರಲಿಲ್ಲ, ಆಮೇಲೂ ಪೂರ್ತಿಯಾಗಿ ಇನ್ನೊಂದು ಸಲ ಹೇಳಲಿಲ್ಲ.

ಅವರು ಆಗ 22ನೇ ಸ್ಕ್ವಾಡ್ರನ್‌ನಲ್ಲಿ ಕಾರ್ಪೊರಲ್. ಬಂಗಾಳದ ಕಲೈಕುಂಡ ವಾಯುನೆಲೆಯಿಂದ ಕೆಲವು ನ್ಯಾಟ್‌ಗಳನ್ನು ಕಲ್ಕತ್ತಾದ ಡಮ್‌ಡಮ್ ವಿಮಾನ ನಿಲ್ದಾಣಕ್ಕೆ ತಂದು ಇಟ್ಟಿದ್ದರು. ಯುದ್ಧ ಅಂತ ಅಧಿಕೃತವಾಗಿ ಶುರುವಾಗಿದ್ದು ಡಿಸೆಂಬರ್ 3ಕ್ಕೆ, ಆದರೆ ಗಡಿಯಲ್ಲಿ ನವೆಂಬರಿನಲ್ಲೇ ಹೊಡೆದಾಟ ನಡೆದಿತ್ತು. ಬಾಂಗ್ಲಾ ಗಡಿಯ ಬೊಯ್ರಾ ಅನ್ನೋ ಜಾಗದ ಹತ್ತಿರ ನಮ್ಮ ಸೈನ್ಯವೂ ಬಾಂಗ್ಲಾ ಬಿಡುಗಡೆಗೆ ಹೋರಾಡುತ್ತಿದ್ದ ಮುಕ್ತಿವಾಹಿನಿಯವರೂ ಇದ್ದರು. ನವೆಂಬರ್ 22, ಸೋಮವಾರ, ಪಾಕಿಸ್ತಾನದ ಸೇಬರ್ ವಿಮಾನಗಳು ಅವರ ಮೇಲೆ ಎರಗೋಕೆ ಬೆಳಗ್ಗೆಯಿಂದಲೇ ಬರುತ್ತಿದ್ದವು. ಬೆಳಗ್ಗೆ ಎರಡು ಸಲ ನಮ್ಮ ನ್ಯಾಟ್‌ಗಳು ಅವನ್ನು ಎದುರಿಸೋಕೆ ಹಾರಿದವು. ಅವು ಮುಟ್ಟೋ ಹೊತ್ತಿಗೆ ಸೇಬರ್‌ಗಳು ಹೊರಟುಹೋಗಿದ್ದವು.

"ಎರಡು ಸಲ ಹೋದ್ವು, ಹೋದ ಹಂಗೇ ವಾಪಸ್ ಬಂದ್ವು. ಗನ್ ಮೂತಿ ಫಳಫಳ ಅಂತಿತ್ತು. ನಾನು ಒರೆಸಿದ್ದು ಒರೆಸಿದ ಹಂಗೇ ಇತ್ತು" ಅಂದರು ದೊಡ್ಡಪ್ಪ.

ಮಧ್ಯಾಹ್ನ ಮೂರು ಗಂಟೆಗೆ ಇನ್ನೇನು ಹತ್ತು ನಿಮಿಷ ಇದೆ ಅನ್ನುವಾಗ ಮತ್ತೆ ಸೈರನ್. ನಾಲ್ಕು ನ್ಯಾಟ್ ಮೇಲೆದ್ದವು. ಅದರಲ್ಲಿ ಇದ್ದವರು ರಾಯ್ ಮ್ಯಾಸಿ, ಎಂ. ಎ. ಗಣಪತಿ, ಡಾನ್ ಲಾಜರಸ್, ಸುನೀತ್ ಸೋರೆಸ್. ಗಣಪತಿ ನಮ್ಮ ಕೊಡಗಿನವರು. ಆ ಹೆಸರು ಹೇಳುವಾಗ ದೊಡ್ಡಪ್ಪನ ಗಂಟಲು ಚೂರು ಏರುತ್ತಿತ್ತು, ಬೇರೆಯವರ ಬಗ್ಗೆ ಗೌರವ ಕಮ್ಮಿ ಅಂತಲ್ಲ, ಅಷ್ಟು ದೂರದಲ್ಲಿ ನಮ್ಮ ಕಡೆಯವರು ಒಬ್ಬರು ಇದ್ದರಲ್ಲ ಅಂತ.

ಆಕಾಶದಲ್ಲಿ ಏನಾಯಿತು ಅನ್ನೋದನ್ನು ದೊಡ್ಡಪ್ಪ ಹೇಳಲೇ ಇಲ್ಲ. ಅವರು ಅದನ್ನು ನೋಡಿಲ್ಲವಲ್ಲ. ನಾನು ಆಮೇಲೆ ಓದಿ ತಿಳಿದುಕೊಂಡಿದ್ದು ಇಷ್ಟು: ಕಾಳಗ ಕೆಲವೇ ನಿಮಿಷದ್ದು, ಎರಡು ಸೇಬರ್ ಬಿದ್ದವು, ಮೂರನೆಯದು ಪೆಟ್ಟು ತಿಂದು ಹೋಯಿತು. ಪ್ಯಾರಾಚೂಟ್‌ನಲ್ಲಿ ಇಳಿದ ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಸೆರೆಸಿಕ್ಕರು. ಅವರಲ್ಲಿ ಒಬ್ಬರಾದ ಪರ್ವೇಜ್ ಮೆಹದಿ ಕುರೇಶಿ ಮುಂದೆ ಆ ದೇಶದ ವಾಯುಪಡೆಯ ಮುಖ್ಯಸ್ಥರೇ ಆದರು. ಮ್ಯಾಸಿ, ಗಣಪತಿ, ಲಾಜರಸ್ ಮೂವರಿಗೂ ವೀರಚಕ್ರ ಬಂತು.

ದೊಡ್ಡಪ್ಪ ಹೇಳಿದ್ದು ನೆಲದ ಮೇಲಿನ ಕಥೆ. "ನಾಲ್ಕು ಹೋದ್ವು. ಕೂತಿದ್ವಿ. ಕೆಲಸ ಇರಲ್ಲ ಆಗ, ಕೈ ಖಾಲಿ. ನಾಲ್ಕು ವಾಪಸ್ ಬಂದ್ವು, ಎಣಿಸ್ದೆ. ಮೊದಲನೇದು ಬಂದು ನಿಂತ್ಕಂತು. ಯಾರೂ ಏನೂ ಹೇಳೋಕೆ ಮುಂಚೆ ನಾನು ಗನ್ ಮೂತಿ ನೋಡಿದೆ. ಮಸಿ. ಮೂತಿಯಿಂದ ಹಿಂದಕ್ಕೆ ಎಳೆದಂಗೆ ಕರ್ರಗೆ ಮಸಿ. ಹೊಡೆದವ್ರೆ ಅಂತ ಗೊತ್ತಾಯ್ತು." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಲ್ಲಿ ಮಸಿ ಬಳಿಯೋದು ಅಂದ್ರೆ ಮಾನ ಕಳೆಯೋದು. ನಮಗೆ ಮಸಿ ಇದ್ರೇ ಮಾನ ಕಣೋ" ಅಂದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅದನ್ನು ಬರೀ ಹೆಮ್ಮೆಯ ಕಥೆ ಅಂದುಕೊಂಡಿರುತ್ತಿದ್ದೆ. ಆದರೆ ಅವರು ಇನ್ನೂ ಒಂದು ಮಾತು ಹೇಳಿದರು. ಮ್ಯಾಸಿಯವರು ಗುಂಡು ಹಾರಿಸುತ್ತಿದ್ದಾಗ ಅವರ ವಿಮಾನದ ಒಂದು ಗನ್ ನಿಂತುಹೋಗಿತ್ತು. ಇದು ದಾಖಲೆಯಲ್ಲೂ ಇದೆ. ಇನ್ನೊಂದೇ ಗನ್ನಿನಲ್ಲಿ ಹೊಡೆದು ಮುಗಿಸಿದರು. ನ್ಯಾಟ್‌ನ ಗನ್ ಹೀಗೆ ಕೈಕೊಡೋದು 1965ರ ಯುದ್ಧದಿಂದಲೂ ಇದ್ದ ತಲೆನೋವು. ವಿಮಾನ ಜೋರಾಗಿ ತಿರುಗುವಾಗ ಪೈಲಟ್‌ನ ಮೈ ಹೇಗೆ ಸೀಟಿಗೆ ಒತ್ತಿಕೊಳ್ಳುತ್ತದೋ ಹಾಗೇ ಕೊಂಡಿಗಳಿಂದ ಜೋಡಿಸಿದ ಗುಂಡಿನ ಸರವೂ ಹಲವು ಪಟ್ಟು ಭಾರವಾಗಿ ಎಳೆಯುತ್ತದೆ. ಒಂದು ಕೊಂಡಿ ಕೂದಲೆಳೆಯಷ್ಟು ಓರೆಯಾಗಿದ್ದರೂ ಸಾಕು. ಅಥವಾ ಏನೂ ಓರೆಯಾಗಿರದೆ ಕೂಡ ಸಿಕ್ಕಿಹಾಕಿಕೊಳ್ಳಬಹುದು.

"ಯಾರು ತುಂಬಿದ್ದು ದೊಡ್ಡಪ್ಪ ಅದಕ್ಕೆ?" ಅಂತ ಕೇಳಿದೆ. ಹುಡುಗು ಬುದ್ಧಿ, ಕೇಳಬಾರದಿತ್ತು.

"ಎಲ್ಲರೂ ಸೇರಿ ತುಂಬ್ತೀವಿ. ಇಂಥವರೇ ಅಂತ ಹೇಳೋಕಾಗಲ್ಲ" ಅಂದರು. ಅಷ್ಟರಲ್ಲಿ ಕರೆಂಟ್ ಬಂತು, ಎಲ್ಲರೂ ಒಳಗೆ ಎದ್ದು ಹೋದರು. ದೊಡ್ಡಪ್ಪ ಅಲ್ಲೇ ಕೂತಿದ್ದರು.

ಸೈಕಲ್ ಚೈನಿಗೂ ಆ ರಾತ್ರಿಗೂ ನಂಟು ಇದೆ ಅಂತ ನನಗೆ ಹೊಳೆದಿದ್ದು ಅವರು ಹೋದ ಮೇಲೆ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ದೊಡ್ಡಮ್ಮ ಒಂದು ಬಿಸ್ಕತ್ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಅದರಲ್ಲಿ ಆ ಫೋಟೋ ಇತ್ತು, ಡಿಸ್ಚಾರ್ಜ್ ಪುಸ್ತಕ ಇತ್ತು, ಒಂದು ಕರವಸ್ತ್ರದಲ್ಲಿ ಸುತ್ತಿದ ಪದಕಗಳಿದ್ದವು. ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, ಇನ್ನೂ ಒಂದೆರಡು. ಪದಕದ ಅಂಚಿನ ಮೇಲೆ, ನಾಣ್ಯದ ಅಂಚಿನಷ್ಟು ಜಾಗದಲ್ಲಿ, ಅವರ ನಂಬರು, ಹುದ್ದೆ, ಹೆಸರು ಕೊರೆದಿತ್ತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಸಣ್ಣ ಅಕ್ಷರ. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ಓದುವಾಗ ನನ್ನ ಬೆರಳು ಕೂಡ ಅದೇ ಥರ ನಿಧಾನಕ್ಕೆ ಚಲಿಸುತ್ತಿತ್ತು. ಆಗ ಸೈಕಲ್ ಚೈನು ನೆನಪಾಯಿತು. ಕಣ್ಣು ಮುಚ್ಚಿ ಕೊಂಡಿ ಕೊಂಡಿ ಮುಟ್ಟಿ ನೋಡುತ್ತಿದ್ದ ಆ ಕೈ. ಅವರು ವಾರವಾರವೂ ಒರೆಸುತ್ತಿದ್ದದ್ದು ಸೈಕಲ್ ಚೈನನ್ನಲ್ಲ.

ಮಾದರಿ ಕಟ್ಟೋ ಯೋಚನೆ ಬಂದಿದ್ದು ಅವತ್ತೇ. ನಾನು ಕಾಲೇಜು ದಿನದಿಂದ ಪ್ಲಾಸ್ಟಿಕ್ ಕಿಟ್ ಕಟ್ಟುತ್ತೇನೆ, ಕೈ ಸ್ವಲ್ಪ ಪಳಗಿದೆ. ಆದರೆ ನ್ಯಾಟ್‌ನ ಕಿಟ್ ಹುಡುಕೋದು ಸುಲಭ ಆಗಲಿಲ್ಲ. ಅಂಗಡಿಯಲ್ಲಿ ಸಿಗೋದೆಲ್ಲ ಹೆಚ್ಚಾಗಿ ಕೆಂಪು ಬಣ್ಣದ್ದು, ಎರಡು ಸೀಟಿನದು. ಬ್ರಿಟನ್ನಿನ ರೆಡ್ ಆರೋಸ್ ತಂಡ ಕಸರತ್ತಿಗೆ ಬಳಸುತ್ತಿದ್ದದ್ದು ಅದನ್ನೇ. ಈ ವಿಮಾನ ಹುಟ್ಟಿದ್ದು ಅಲ್ಲೇ ಆದರೂ ಒಂದು ಸೀಟಿನ ಯುದ್ಧ ವಿಮಾನವನ್ನು ಅವರ ವಾಯುಪಡೆ ತೆಗೆದುಕೊಳ್ಳಲೇ ಇಲ್ಲ, ತರಬೇತಿಗೆ ಎರಡು ಸೀಟಿನದು ಮಾತ್ರ ಸಾಕು ಅಂದರು. ಒಂದು ಸೀಟಿನದನ್ನು ನಂಬಿ ಕೈಹಿಡಿದಿದ್ದು ನಾವು. 1956ರಲ್ಲಿ ಒಪ್ಪಂದ ಆಗಿ, ಮೊದಲು ಕೆಲವು ಅಲ್ಲಿಂದ ಬಂದವು, ಆಮೇಲೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದವು. ದೊಡ್ಡಪ್ಪನಿಗೆ ಇದು ದೊಡ್ಡ ವಿಷಯ. ಪಂಜಾಬಿನವರು, ಬಂಗಾಳದವರು ಎಲ್ಲ ಕೂತಾಗ "ಇದು ನಮ್ಮೂರಲ್ಲಿ ಮಾಡಿದ್ದು" ಅಂತ ಹೇಳುತ್ತಿದ್ದರಂತೆ.

ಕೊನೆಗೆ ಯುರೋಪಿನ ಒಂದು ಸಣ್ಣ ಕಂಪನಿಯ ಕಿಟ್ ಸಿಕ್ಕಿತು, ಒಂದು ಸೀಟಿನದು, 1:72 ಅಳತೆ. ಅಂದರೆ ನಿಜವಾದದ್ದರ ಎಪ್ಪತ್ತೆರಡರಲ್ಲಿ ಒಂದು ಭಾಗ. ಪೆಟ್ಟಿಗೆ ಬಿಚ್ಚಿದರೆ ಬೂದು ಪ್ಲಾಸ್ಟಿಕ್‌ನ ಎರಡು ಚೌಕಟ್ಟು, ಅದಕ್ಕೆ ಅಂಟಿಕೊಂಡ ತುಂಡುಗಳು. ದೊಡ್ಡ ಕಂಪನಿಗಳ ಕಿಟ್‌ನಂತೆ ಇದು ತಾನಾಗೇ ಕೂರಲ್ಲ. ಮೈಯ ಎರಡು ಹೋಳು ಜೋಡಿಸಿದರೆ ಬೆನ್ನಿನ ಉದ್ದಕ್ಕೂ ಸಂದು, ಪುಟ್ಟಿ ತುಂಬಬೇಕು, ಒಣಗಿದ ಮೇಲೆ ಉಜ್ಜಬೇಕು, ಪ್ರೈಮರ್ ಹೊಡೆದು ನೋಡಿದರೆ ಮತ್ತೆ ಸಂದು ಕಾಣುತ್ತದೆ, ಮತ್ತೆ ಪುಟ್ಟಿ. ಐದು ಸಲ ಮಾಡಿದೆ. ಮೂತಿಯೊಳಗೆ ಮೀನಿನ ಗಾಳಕ್ಕೆ ಕಟ್ಟೋ ಸೀಸದ ಗುಂಡು ಅಂಟಿಸಿದೆ, ಇಲ್ಲದಿದ್ದರೆ ಮೂರು ಗಾಲಿಯ ಮೇಲೆ ನಿಲ್ಲದೆ ಹಿಂದಕ್ಕೆ ಕುಕ್ಕರಿಸಿಬಿಡುತ್ತದೆ. ಇವೆಲ್ಲ ಯಾವ ಮಾದರಿಗೂ ಮಾಡೋ ಕೆಲಸಗಳೇ, ಜಾಸ್ತಿ ಹೇಳೋಕೆ ಹೋಗಲ್ಲ.

ಗನ್ನಿನ ವಿಷಯಕ್ಕೆ ಬರುತ್ತೇನೆ.

ನ್ಯಾಟ್‌ಗೆ ಎರಡು ಗನ್, 30 ಮಿಲಿಮೀಟರಿನ ಏಡೆನ್. ಇಂಜಿನ್ನಿಗೆ ಗಾಳಿ ಹೋಗೋಕೆ ಕಾಕ್‌ಪಿಟ್‌ನ ಎರಡು ಪಕ್ಕ ಎರಡು ಬಾಯಿ ಇವೆಯಲ್ಲ, ಆ ಬಾಯಿಗಳ ಹೊರಗೋಡೆಯಲ್ಲಿ ಒಂದೊಂದು. ಒಂದು ಗನ್ನಿಗೆ 115 ಗುಂಡು. ಒಂದೊಂದು ಗುಂಡು ಹೆಚ್ಚುಕಡಿಮೆ ಅರ್ಧ ಕೆಜಿ. ನಿಮಿಷಕ್ಕೆ 1200ಕ್ಕೂ ಜಾಸ್ತಿ ಹಾರಿಸೋ ಗನ್ ಅದು, ಅಂದರೆ ಗುಂಡಿ ಒತ್ತಿ ಹಿಡಿದರೆ 115 ಗುಂಡು ಐದಾರು ಸೆಕೆಂಡಿನಲ್ಲಿ ಖಾಲಿ. ಈ ಲೆಕ್ಕ ಹಾಕಿದ ದಿನ ನನಗೆ ತುಂಬ ಹೊತ್ತು ಬೇರೆ ಏನೂ ಮಾಡೋಕಾಗಲಿಲ್ಲ. ದೊಡ್ಡಪ್ಪ ಮತ್ತು ಅವರ ಜೊತೆಯವರು ನೆಲದ ಮೇಲೆ ಮಂಡಿಯೂರಿ, ವಿಮಾನ ಅಷ್ಟು ತಗ್ಗು ಅಲ್ವಾ, ಕತ್ತು ಓರೆ ಮಾಡಿಕೊಂಡು, ಕೊಂಡಿ ಕೊಂಡಿ ನೋಡಿ ತುಂಬಿದ್ದು ಆ ಐದಾರು ಸೆಕೆಂಡಿಗೆ. ಆ ಐದಾರು ಸೆಕೆಂಡಿನಲ್ಲಿ ಮೂರನೇ ಸೆಕೆಂಡಿಗೆ ಗನ್ ನಿಂತುಹೋದರೆ ಮೇಲಿರುವವನ ಗತಿ ಏನು ಅಂತ ಯೋಚಿಸುತ್ತಾ ಡಮ್‌ಡಮ್‌ನಲ್ಲಿ ಕೈ ಖಾಲಿ ಮಾಡಿಕೊಂಡು ಕೂತಿದ್ದದ್ದು.

ಕಿಟ್‌ನಲ್ಲಿ ಗನ್ ಅಂತ ಕೊಟ್ಟಿದ್ದು ಬರೀ ಒಂದು ಗೀರು ಮತ್ತು ಒಂದು ಚುಕ್ಕೆ. ಅದು ನನಗೆ ಸಾಲದಾಯಿತು. 30 ಮಿಲಿಮೀಟರನ್ನು 72ರಿಂದ ಭಾಗಿಸಿದರೆ 0.42 ಮಿಲಿಮೀಟರ್. ಅಷ್ಟು ಸಣ್ಣ ತೂತಿರೋ ಕೊಳವೆ ಎಲ್ಲಿ ಸಿಗುತ್ತೆ? ಮೆಡಿಕಲ್ ಶಾಪಿನಲ್ಲಿ. ಇಂಜೆಕ್ಷನ್ ಸೂಜಿಯಲ್ಲಿ 22 ಗೇಜಿನದಕ್ಕೆ ಒಳಗಿನ ತೂತು 0.41. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಹತ್ತು ಸೂಜಿ ತಂದೆ. ಇಕ್ಕಳದಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗಿ ತೂತು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಮರದ ಪಟ್ಟಿ ಮೇಲೆ ಇಟ್ಟು, ಬೆರಳಲ್ಲಿ ಉರುಳಿಸುತ್ತಾ, ಸಣ್ಣ ಅರದ ಅಂಚಿನಿಂದ ಸುತ್ತಲೂ ಗೀರಿ ಗೀರಿ ಮುರಿಯಬೇಕು. ಎಂಟು ಹಾಳಾದವು. ಉಳಿದ ಎರಡೇ ಈಗ ವಿಮಾನದಲ್ಲಿರೋದು. ದೀಪದ ಎದುರು ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ತೂತಿನ ಆ ಕಡೆ ಬೆಳಕು ಕಾಣುತ್ತಿತ್ತು. ಅಂಟಿಸಿದ ಮೇಲೆ ಅದು ಯಾರಿಗೂ ಕಾಣಲ್ಲ. ಆದರೂ ಒಳಗಡೆ ಒಂದು ನಾರು ಕೂಡ ಇರಬಾರದು ಅಂತ ತಂತಿ ತೂರಿಸಿ ಎರಡು ಸಲ ತೆಗೆದೆ.

ಗನ್ನಿನ ಪಕ್ಕದ ಮುಚ್ಚಳಗಳ ಗೆರೆ ಎಲ್ಲಿ ಬರುತ್ತೆ ಅನ್ನೋದನ್ನು ನೋಡೋಕೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋದೆ. ಅಲ್ಲಿ ಅಜೀತ್ ನಿಂತಿದೆ. ನ್ಯಾಟ್‌ನ ಕುಂದುಕೊರತೆ ಸರಿಮಾಡಿ ಎಚ್‌ಎಎಲ್‌ನವರು ಮುಂದೆ ಕಟ್ಟಿದ ವಿಮಾನ ಅದು, ತಮ್ಮ ಅಂತ ಅಂದುಕೊಳ್ಳಿ. ಮೈಕಟ್ಟು ಅದೇ. ಸ್ಕೂಲ್ ಮಕ್ಕಳ ಗುಂಪೊಂದು ಪಕ್ಕದ ದೊಡ್ಡ ವಿಮಾನದ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ನಾನು ಅಜೀತ್ ಪಕ್ಕ ಮಂಡಿಯೂರಿ ಕೂತು ಕತ್ತು ಓರೆ ಮಾಡಿ ನೋಡಿದೆ. ಎರಡು ನಿಮಿಷಕ್ಕೆ ಮಂಡಿ ನೋವು ಶುರುವಾಯಿತು. ದೊಡ್ಡಪ್ಪನಿಗೆ ಐವತ್ತು ದಾಟಿದ ಮೇಲೆ ಕತ್ತಿನ ಎಡಗಡೆ ಸದಾ ನೋವು ಇರುತ್ತಿತ್ತು, ದೊಡ್ಡಮ್ಮ ಬಿಸಿ ಉಪ್ಪಿನ ಗಂಟು ಇಡುತ್ತಿದ್ದರು.

ಬಣ್ಣಕ್ಕೆ ಜಾಸ್ತಿ ಕಷ್ಟ ಆಗಲಿಲ್ಲ. ಫೋಟೋದಲ್ಲಿ ಮೈ ಮೇಲೆ ಎರಡು ಛಾಯೆಯ ಪಟ್ಟೆ ಕಾಣುತ್ತದೆ. "ಮೇಲೆ ಹಸಿರು ಕಂದು, ಹೊಟ್ಟೆ ಬಿಳಿಚು, ಹಲ್ಲಿ ಥರ" ಅಂತ ದೊಡ್ಡಪ್ಪ ಹೇಳಿದ್ದು ನೆನಪಿತ್ತು. ಹಾಗೇ ಹೊಡೆದೆ. ಕೇಸರಿ, ಬಿಳಿ, ಹಸಿರಿನ ಚಕ್ರದ ಡಿಕಾಲ್‌ಗಳನ್ನು, ಅಂದರೆ ಅಂಟಿಸೋ ಚಿತ್ರಗಳನ್ನು, ಬೆಚ್ಚಗಿನ ನೀರಿನಲ್ಲಿ ನೆನೆಸಿ ಕುಂಚದಿಂದ ಜಾರಿಸಿ ಕೂರಿಸಿದೆ. ಒಂದು ಹರಿಯಿತು, ಇನ್ನೊಂದು ಹಾಳೆ ತರಿಸಿದೆ, ಒಂದು ತಿಂಗಳು ಹೋಯಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಯುದ್ಧ ವಿಮಾನದ ಮಾದರಿ ಕಟ್ಟುವವರೆಲ್ಲ ಕಾಕ್‌ಪಿಟ್ ಪಕ್ಕ ಪೈಲಟ್ ಹೆಸರು ಬರೆಯುತ್ತಾರೆ, ವಿಮಾನವನ್ನು ಹಾರುತ್ತಿರೋ ಹಾಗೆ ಕಡ್ಡಿ ಮೇಲೆ ನಿಲ್ಲಿಸುತ್ತಾರೆ. ತಪ್ಪಲ್ಲ. ಪ್ರಾಣ ಪಣಕ್ಕಿಟ್ಟು ಹೋದವರು ಅವರೇ. ನನ್ನ ಬೇರೆ ಮಾದರಿಗಳೂ ಹಾಗೇ ಇವೆ. ಆದರೆ ಈ ವಿಮಾನ ಹಾರಬಾರದು ಅಂತ ನನಗೆ ಮೊದಲ ದಿನದಿಂದ ಅನಿಸಿತ್ತು. ದೊಡ್ಡಪ್ಪ ಇದು ಹಾರೋದನ್ನು ನೋಡಿದ್ದು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ, ಅವರ ಪಾಲಿಗೆ ಇದು ನೆಲದ ಮೇಲೆ ನಿಂತ ವಿಮಾನ. ಹೋಗೋಕೆ ಮುಂಚೆ ನಿಂತದ್ದು, ಇಲ್ಲ ಬಂದ ಮೇಲೆ ನಿಂತದ್ದು. ಹೋಗೋಕೆ ಮುಂಚಿನದಾದರೆ ಗನ್ ಮೂತಿ ಫಳಫಳ ಅನ್ನಬೇಕು. ಬಂದ ಮೇಲಿನದಾದರೆ ಮಸಿ ಬೇಕು.

ಬಂದ ಮೇಲಿನದನ್ನೇ ಆರಿಸಿಕೊಂಡೆ. ಮೂರು ಗಾಲಿ ಇಳಿಸಿ, ಕಾಕ್‌ಪಿಟ್ ಗಾಜು ತೆರೆದು, ಸೀಟು ಖಾಲಿ. ಪೈಲಟ್ ಇಳಿದು ಹೋಗಿದ್ದಾರೆ. ಇನ್ನು ಆರ್ಮರರ್ ಬರಬೇಕು.

ಮಸಿಗೆ ಸಾಮಾನ್ಯವಾಗಿ ನಾವು ಬಳಸೋದು ಕಪ್ಪು ಪೇಸ್ಟಲ್ ಚಾಕ್, ಬ್ಲೇಡಿನಿಂದ ಹೆರೆದು ಪುಡಿ ಮಾಡಿ ಕುಂಚದಲ್ಲಿ ಸವರುತ್ತೇವೆ. ದೊಡ್ಡ ಮಾದರಿಗೆ ಅದು ಸಾಕು. ಇಷ್ಟು ಸಣ್ಣದರಲ್ಲಿ ಆ ಪುಡಿ ಕಲ್ಲಿದ್ದಲಿನ ಚೂರಿನ ಹಾಗೆ ಕಾಣುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಏರ್‌ಬ್ರಷ್‌ನಲ್ಲಿ ತೆಳು ಕಪ್ಪು ಹೊಡೆದೆ, ಅದು ಬಣ್ಣದ ಹಾಗೇ ಇತ್ತು, ಮಸಿ ಅನಿಸಲಿಲ್ಲ. ಪೆನ್ಸಿಲ್ ಸೀಸ ಪುಡಿ ಮಾಡಿ ಹಚ್ಚಿದರೆ ಹೊಳೆಯುತ್ತದೆ. ಪ್ರತಿ ಸಲವೂ ಒರೆಸುವಾಗ ಕೆಳಗಿನ ಹಸಿರು ಸ್ವಲ್ಪ ಸ್ವಲ್ಪ ಕಿತ್ತು ಬರುತ್ತಿತ್ತು, ಮತ್ತೆ ಅದನ್ನು ಹಚ್ಚಬೇಕು. ಮೂರು ತಿಂಗಳು ಹೀಗೇ. ನೋಡಿದವರು "ಚೆನ್ನಾಗಿದೆಯಲ್ಲ, ಬಿಡು" ಅನ್ನುತ್ತಿದ್ದರು. ನನಗೆ ಬಿಡೋಕಾಗಲಿಲ್ಲ. ಇಡೀ ವಿಮಾನದಲ್ಲಿ ದೊಡ್ಡಪ್ಪ ಅವತ್ತು ನೋಡಿದ್ದು ಅದೊಂದನ್ನೇ.

ಯುಗಾದಿಗೆ ಊರಿಗೆ ಹೋದಾಗ ವಿಮಾನವನ್ನು ಹತ್ತಿ ತುಂಬಿದ ಡಬ್ಬಿಯಲ್ಲಿ ಇಟ್ಟುಕೊಂಡು ಹೋದೆ. ದೊಡ್ಡಮ್ಮನಿಗೆ ತೋರಿಸಿ, ಇಷ್ಟು ಆಗಿದೆ, ಮಸಿಯೊಂದು ಬರುತ್ತಿಲ್ಲ ಅಂದೆ. ಎಂಥ ಮಸಿ ಅಂತ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಮಸಿಗೆ ಅಂಗಡಿಗೆ ಹೋಗಿದ್ದಾ ನೀನು?" ಅಂದರು.

ಅವರು ಇವತ್ತಿಗೂ ಮೊಮ್ಮಕ್ಕಳಿಗೆ ಕಾಡಿಗೆ ಮನೆಯಲ್ಲೇ ಮಾಡೋದು. ಹಣತೆಗೆ ಹರಳೆಣ್ಣೆ ಹಾಕಿ, ದಪ್ಪ ಬತ್ತಿ ಹಚ್ಚಿ, ಆಚೆ ಈಚೆ ಎರಡು ಲೋಟ ಇಟ್ಟು ಅದರ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿದರು. ರಾತ್ರಿ ಪೂರ್ತಿ ಉರಿಯಿತು. ಬೆಳಗ್ಗೆ ತಟ್ಟೆ ಮಗುಚಿದರೆ ಮಖಮಲ್ಲಿನ ಹಾಗೆ ಮಸಿ ಕೂತಿತ್ತು. ಕಾಡಿಗೆಗಾದರೆ ಅದಕ್ಕೆ ಎಣ್ಣೆ ಸೇರಿಸಿ ಕಲೆಸುತ್ತಾರೆ. ನನಗೆ ಒಣಗಿದ್ದೇ ಬೇಕು ಅಂದೆ. ವೀಳ್ಯದೆಲೆಯ ಅಂಚಿನಿಂದ ಹೆರೆದು ಒಂದು ಕಾಗದದ ಮೇಲೆ ಉದುರಿಸಿ ಕೊಟ್ಟರು. ಎಷ್ಟು ನುಣುಪು ಅಂದರೆ ಬೆರಳಿಗೆ ತಾಗಿದ್ದೇ ಗೊತ್ತಾಗಲ್ಲ, ಬರೀ ಬೆರಳು ಕಪ್ಪಾಗುತ್ತದೆ.

ನಡುಮನೆಯ ಕಿಟಕಿ ಹತ್ತಿರ ಕೂತೆ. ಅತಿ ಸಣ್ಣ ಕುಂಚದ ತುದಿಗೆ ಚೂರು ಮಸಿ ತಾಗಿಸಿ, ಕಾಗದದ ಮೇಲೆ ಮುಕ್ಕಾಲು ಪಾಲು ಒರೆಸಿ, ಗನ್ ಮೂತಿಗೆ ಮುಟ್ಟಿಸಿ ಹಿಂದಕ್ಕೆ ಎಳೆದೆ. ಗಾಳಿ ವಿಮಾನದ ಮೈ ಮೇಲೆ ಹೇಗೆ ಹರಿಯುತ್ತದೋ ಹಾಗೆ, ಮೂತಿಯಲ್ಲಿ ಕಪ್ಪು, ಹಿಂದೆ ಹೋಗ್ತಾ ಹೋಗ್ತಾ ಹೊಗೆ. ಒಂದೇ ಸಲಕ್ಕೆ ಬಂತು. ಇನ್ನೊಂದು ಪಕ್ಕವೂ ಬಂತು. ಉಸಿರು ಬಿಟ್ಟರೆ ಹಾರಿಹೋಗುತ್ತೇನೋ ಅಂತ ಎಷ್ಟೋ ಹೊತ್ತು ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಕೂತಿದ್ದೆ.

ಬೆಂಗಳೂರಿಗೆ ತಂದು ಅದರ ಮೇಲೆ ಹೊಳಪಿಲ್ಲದ ವಾರ್ನಿಷ್ ತೆಳ್ಳಗೆ ಹೊಡೆದು, ಅಳ್ಳಾಡದ ಹಾಗೆ ಮಾಡಿ, ತೇಗದ ಹಲಗೆ ಮೇಲೆ ನಿಲ್ಲಿಸಿದೆ. ಹಲಗೆಗೆ ಹಿತ್ತಾಳೆ ಪಟ್ಟಿ ಹಾಕಿಸಿ ದೊಡ್ಡಪ್ಪನ ಹೆಸರು ಕೊರೆಸಿದೆ, ಪದಕದ ಅಂಚಿನಲ್ಲಿ ಇದ್ದ ಹಾಗೇ, ನಂಬರು, ಹುದ್ದೆ, ಹೆಸರು. ಕೆಳಗೆ ಡಮ್‌ಡಮ್, 22-11-1971. ಹೋದ ಭಾನುವಾರ ತೆಗೆದುಕೊಂಡು ಹೋಗಿ ದೊಡ್ಡಮ್ಮನ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡರು. ಹೆಸರು ಓದಲಿಲ್ಲ. ಹಲಗೆ ಸಮೇತ ಎತ್ತಿ ಬಾಗಿಲ ಬೆಳಕಿಗೆ ಹಿಡಿದು ಮೊದಲು ಎಡಗಡೆಯ ಗನ್ ನೋಡಿದರು. ಆಮೇಲೆ ನಿಧಾನಕ್ಕೆ ತಿರುಗಿಸಿ ಬಲಗಡೆಯದನ್ನು ನೋಡಿದರು.

"ಎರಡು ಕಡೇನೂ ಐತೆ" ಅಂದರು.

"ಹೂಂ ದೊಡ್ಡಮ್ಮ, ಎರಡು ಕಡೆನೂ ಇದೆ" ಅಂದೆ.

"ಎಷ್ಟೋ ರಾತ್ರಿ ಎದ್ದು ಕೂತ್ಕಂಡು ಕೇಳೋರು, ಎರಡೂ ಹೊಡೀತಾ ಅಂತ. ನಂಗೇನ್ ಗೊತ್ತಾಗ್ಬೇಕು, ಹೊಡೀತು ಮಲ್ಕಳಿ ಅಂತಿದ್ದೆ" ಅಂದು, ಸೆರಗಿನಿಂದ ಹಲಗೆಯ ಅಂಚು ಮಾತ್ರ ಒರೆಸಿ, ವಿಮಾನಕ್ಕೆ ಸೆರಗು ತಾಗದ ಹಾಗೆ ಎತ್ತಿ, ಗೋಡೆಯ ಗೂಡಿನಲ್ಲಿ ರೇಡಿಯೋ ಪಕ್ಕ ಇಟ್ಟರು.